ರಿಪೋರ್ಟ್ ನಾರ್ಮಲ್ ಬಂದ ಮೇಲೂ ಥೈರಾಯ್ಡ್ ಮಾತ್ರೆ ಏಕೆ?

"ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲ, ಇನ್ನೂ ಯಾಕೆ ಮಾರಾಯ್ತಿ ಮಾತ್ರೆ ನುಂಗ್ತೀಯ?" ಚಿಕ್ಕಮಗಳೂರಿನ ನಮ್ಮ ಬಂಧುಬಳಗದಲ್ಲಿ ಯಾವ ಮದುವೆಮನೆಗೆ ಹೋದರೂ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರ ಮನೆಯಲ್ಲಿ ಮಗಳೋ ಸೊಸೆಯೋ ಇದೇ ಮಾತ್ರೆ ತೆಗೆದುಕೊಳ್ಳುತ್ತಿರುವುದುಂಟು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನನಗಿರುವುದು ಹಾಶಿಮೊಟೊ ಥೈರಾಯ್ಡೈಟಿಸ್, ಅಂದರೆ ಥೈರಾಯ್ಡ್ ಗ್ರಂಥಿಯ ಒಂದು ಬಗೆಯ ಉರಿಯೂತ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಅವರ ಹೆಸರೇ ಕಾಯಿಲೆಗೆ ಉಳಿದಿದೆ. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದು, ವರ್ಷಗಟ್ಟಲೆ ಅದನ್ನು ನಿಧಾನವಾಗಿ ಹಾಳುಮಾಡುತ್ತದೆ. ಗ್ರಂಥಿ ಸೋತಾಗ, ಅದನ್ನು ದುಡಿಸಲೆಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹೆಚ್ಚು ಪ್ರಚೋದಕ ಹಾರ್ಮೋನ್, ಅಂದರೆ ಟಿಎಸ್‌ಎಚ್ ಸ್ರವಿಸುತ್ತದೆ. ರಿಪೋರ್ಟಿನಲ್ಲಿ ಏರಿ ಕಾಣುವುದು ಅದೇ. ನಾನು ನುಂಗುವ ಲೆವೊಥೈರಾಕ್ಸಿನ್ ಆ ದಾಳಿಯನ್ನು ನಿಲ್ಲಿಸುವುದಿಲ್ಲ, ಗ್ರಂಥಿ ಕೊಡಲಾರದ ಹಾರ್ಮೋನನ್ನು ಹೊರಗಿನಿಂದ ಒದಗಿಸುತ್ತದೆ, ಅಷ್ಟೆ. ನಾರ್ಮಲ್ ಎಂಬ ಅಂಕಿ ಮಾತ್ರೆಯಿಂದಲೇ ಬಂದದ್ದು.

ಮಾತ್ರೆ ನಿಲ್ಲಿಸಿದವರು ಮೋಸಹೋಗುವುದು ಮೊದಲ ದಿನಗಳಲ್ಲಿ. ದೇಹದಲ್ಲಿರುವ ಔಷಧದ ಅರ್ಧ ಭಾಗ ಕಳೆಯಲು ಸುಮಾರು 7 ದಿನ ಬೇಕಾಗುವುದರಿಂದ ಕೂಡಲೇ ಏನೂ ಅನ್ನಿಸದು. ಕೆಲವು ವಾರಗಳ ಬಳಿಕ ಸುಸ್ತು, ಚಳಿ, ಮಲಬದ್ಧತೆ, ಮೈ ಊತ ಒಂದೊಂದಾಗಿ ಬರುವಾಗ ನಮ್ಮ ಮಲೆನಾಡಿನಲ್ಲಿ ಎಲ್ಲರೂ ಮಳೆಯನ್ನು ದೂರುತ್ತಾರೆ. ಹೆರಿಗೆಯ ನಂತರ ಬರುವ ಥೈರಾಯ್ಡೈಟಿಸ್ ಹಲವರಲ್ಲಿ ತಾನಾಗಿ ಸರಿಹೋಗುವುದುಂಟು, ನಿಜ. ಆದರೆ ಅಲ್ಲಿಯೂ ಮಾತ್ರೆ ಬಿಡಿಸಬೇಕಾದವರು ವೈದ್ಯರು.

ಮಾತ್ರೆ ನುಂಗುವುದು ಕಷ್ಟವಲ್ಲ, ಅದಾದ ಮೇಲೆ ಕಾಫಿಗೆ ಕಾಯುವುದು ಕಷ್ಟ. ಕಾಫಿ ಬೆಳೆಯುವ ಊರಿನಲ್ಲಿ, ರಾತ್ರಿಯೇ ಫಿಲ್ಟರಿಗೆ ಹಾಕಿಟ್ಟ ಪುಡಿಯಿಂದ ಡಿಕಾಕ್ಷನ್ ಇಳಿದು ಮನೆಯೆಲ್ಲ ಘಮಘಮಿಸುತ್ತಿರುವಾಗ, ಬರೀ ನೀರಿನಲ್ಲಿ ಮಾತ್ರೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಸುಮ್ಮನಿರಬೇಕು. ಕಾಫಿ ಜೊತೆಗೆ ಹೋದರೆ ಕರುಳು ಔಷಧವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆಗ ಡೋಸ್ ಸಾಲದೆಂದು ಸುಮ್ಮನೆ ಏರಿಸುವ ಪ್ರಸಂಗ ಬರುತ್ತದೆ. ನಾನು ಬಾಟಲಿಯನ್ನೂ ನೀರಿನ ಲೋಟವನ್ನೂ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡು, ಎಚ್ಚರವಾದೊಡನೆ ನುಂಗಿ ಆಮೇಲೆ ಏಳುತ್ತೇನೆ. ಮುಂಜಾನೆ ಸಾಧ್ಯವೇ ಇಲ್ಲದವರು ವೈದ್ಯರನ್ನು ಕೇಳಿ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವ ಹೊತ್ತಿಗೆ ತೆಗೆದುಕೊಳ್ಳಬಹುದು. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಇನ್ನು ಮಳೆಗಾಲದ ತೇವ: ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕದ ಶೆಲ್ಫಿನಲ್ಲಿ ಇಡುವುದು ಬೇಡ.

ಅಯೋಡಿನ್ ಹೆಚ್ಚು ತಿನ್ನು ಎನ್ನುವ ಹಿರಿಯರ ಮಾತಿಗೂ ಕಾರಣವಿದೆ. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತಿದ್ದುದರಿಂದಲೇ 1962ರಲ್ಲಿ ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಹಾಶಿಮೊಟೊ ಬೇರೆ ಕಾಯಿಲೆ. ಅಡುಗೆಯ ಅಯೋಡಿನ್ ಉಪ್ಪು ಸಾಕು. ಹೆಚ್ಚುವರಿ ಅಯೋಡಿನ್ ಗ್ರಂಥಿಗೆ ತೊಂದರೆಯನ್ನೇ ಮಾಡಬಹುದು.

ಡೋಸ್ ಬದಲಾದರೆ 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ನೋಡಿಸಬೇಕು. ಅದಕ್ಕೆ ಮೊದಲು ನೋಡಿಸಿದರೆ ಸರಿಯಾದ ಚಿತ್ರ ಸಿಗದು. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುವವರು ಲ್ಯಾಬಿಗೆ ಹೋಗುವ ಮುನ್ನ ವೈದ್ಯರಿಗೆ ತಿಳಿಸಲಿ, ಅದು ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಎಲ್ಲಕ್ಕಿಂತ ನನಗೆ ಭಯವಾಗುವುದು, ಬಸುರಿಗೆ ಇಂಥ ಮಾತ್ರೆ ಬೇಡವೆಂದು ಮನೆಯವರೇ ಬಿಡಿಸಿದಾಗ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನನ್ನೇ ನಂಬಿ. ಆಗ ಡೋಸನ್ನು ಸಾಮಾನ್ಯವಾಗಿ ಕಾಲು ಭಾಗದಷ್ಟಾದರೂ ಹೆಚ್ಚಿಸಬೇಕಾಗುತ್ತದೆ. ಆದ್ದರಿಂದ ಮುಟ್ಟು ನಿಂತಿದ್ದು ಖಚಿತವಾದ ದಿನವೇ ವೈದ್ಯರಿಗೆ ಫೋನ್ ಮಾಡಿ, ಗರ್ಭದ ಮೊದಲರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ.