ಸುಳಿಯಿಂದ ಬದುಕಿ ಬಂದ ಆರ್ವೆಲ್

ನಮ್ಮ ಮಂಜಗುಣಿಯ ಅಳಿವೆಯಲ್ಲಿ ಪಾತಿದೋಣಿ ಇಳಿಸುವ ಮುಂಚೆ ಅಪ್ಪ ದಂಡೆಯ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಿದ್ದರು. ಭರತದ ನೀರು ಎಲ್ಲಿಗೆ ಬಂದಿದೆ ಅಂತ ನೋಡಲಿಕ್ಕೆ. ಆಗ ನಾವ್ಯಾರೂ ಮಾತಾಡಿಸುವ ಹಾಗಿರಲಿಲ್ಲ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್‌ನ ದಿನಚರಿ ಓದುವಾಗ ನನಗೆ ಅದೇ ನೆನಪಾಯಿತು.

1947ರ ಆಗಸ್ಟ್. ಸ್ಕಾಟ್ಲೆಂಡಿನ ಜೂರಾ ದ್ವೀಪದ ಒಂಟಿ ಮನೆಯಲ್ಲಿ ಆರ್ವೆಲ್ ‘1984’ ಕಾದಂಬರಿ ಬರೆಯುತ್ತಿದ್ದ. ಹೆಂಡತಿ ತೀರಿಕೊಂಡು ಎರಡು ವರ್ಷ. ದತ್ತುಮಗ ರಿಚರ್ಡ್‌ಗೆ ಮೂರು. 19ನೇ ತಾರೀಖು ಮಗನನ್ನೂ ಅಕ್ಕನ ಮಕ್ಕಳನ್ನೂ ಕೂರಿಸಿಕೊಂಡು ದೋಣಿಯಲ್ಲಿ ಮನೆಗೆ ಹೊರಟವನು ಕೊರಿವ್ರೆಕನ್ ಎಂಬ ದೊಡ್ಡ ಸುಳಿಗೆ ಸಿಕ್ಕಿದ. ಇಂಜಿನ್ ಕಿತ್ತುಕೊಂಡು ನೀರಿನ ತಳ ಸೇರಿತು. ಹುಟ್ಟು ಹಾಕಿ ಹೇಗೋ ಒಂದು ಬಂಡೆಯ ಕುರುವೆ, ಅಂದರೆ ಸಣ್ಣ ನಡುಗಡ್ಡೆ, ಮುಟ್ಟುವಾಗ ದೋಣಿ ಮಗುಚಿತು. ಮಗು ಅಡಿಗೆ ಸಿಕ್ಕಿಬಿತ್ತು. ಆರ್ವೆಲ್ ಅದನ್ನು ಎಳೆದು ತೆಗೆದ. ಕೆಲವು ಗಂಟೆ ಕಳೆದ ಮೇಲೆ ಮೀನುಗಾರರ ದೋಣಿಯೊಂದು ಬಂತು.

ಎಷ್ಟು ಮೀನು ಸಿಕ್ಕಿತು, ಮಳೆ ಬಂತಾ ಅಂತ ದಿನಾ ಬರೆಯುತ್ತಿದ್ದ ಪುಸ್ತಕದಲ್ಲೇ ಇದನ್ನೂ ಬರೆದಿದ್ದಾನೆ. ತಾವು ದಾಟಿದ್ದು ಹೆಚ್ಚುಕಡಿಮೆ ಅತಿ ಕೆಟ್ಟ ಹೊತ್ತಿನಲ್ಲಿ, ಭರತ-ಇಳಿತದ ನಡುವೆ ನೀರು ನಿಂತಾಗ ದಾಟಬೇಕಿತ್ತು ಅಂತ. ಸಮುದ್ರವನ್ನು ಬೈಯಲಿಲ್ಲ.

ನಾನು ಅವನನ್ನು ನಂಬುವುದು ಇದಕ್ಕೇ. 1937ರಲ್ಲಿ ಸ್ಪೇನಿನಲ್ಲಿ ದಂಗೆಯೆದ್ದ ಸೇನಾಧಿಕಾರಿ ಫ್ರಾಂಕೋ ವಿರುದ್ಧ ಹೋರಾಡಿ ಗಂಟಲಿಗೆ ಗುಂಡು ತಿಂದವನು. ಆದರೆ ತನ್ನ ಜೊತೆ ಕಂದಕದಲ್ಲಿದ್ದವರನ್ನು ಎಡಪಕ್ಷದ ಪತ್ರಿಕೆಗಳೇ ಫ್ಯಾಸಿಸ್ಟರು ಅಂತ ಬರೆದಾಗ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಕಂಡದ್ದನ್ನು ಬರೆದ. ಅವನ ಹಳೆಯ ಪ್ರಕಾಶಕ ಆ ಪುಸ್ತಕ ಬೇಡ ಅಂದ. ತನ್ನ ಕಡೆಯವರ ತಪ್ಪು ಹೇಳುವುದು ಎಷ್ಟು ಕಷ್ಟ ಅಲ್ವಾ? ನಮ್ಮೂರಿನ ಒಂದು ಪಂಚಾಯ್ತಿ ಚುನಾವಣೆ ಸಾಕು ಅದು ಗೊತ್ತಾಗಲಿಕ್ಕೆ.

ಸುಳಿಗೆ ಸಿಕ್ಕ ಆ 1947ರ ಡಿಸೆಂಬರ್‌ನಲ್ಲಿ ಕ್ಷಯ ಅಂತ ಆಸ್ಪತ್ರೆ ಸೇರಿದ. ಕಾದಂಬರಿಯ ಕೊನೆಯ ಪ್ರತಿಯನ್ನು ಮರುವರ್ಷ ಹಾಸಿಗೆಯಲ್ಲೇ ಕೂತು ಟೈಪ್ ಮಾಡಿದ. 1950ರ ಜನವರಿಯಲ್ಲಿ ಹೋಗಿಬಿಟ್ಟ. ಬರೀ 46 ವರ್ಷ.

ಈ ಸುಳಿಯ ಕಥೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

“ಅಮಾಸೆ ಆಗಿತ್ತೋ?” ಅಂದರು.

ಹಳೆಯ ಪಂಚಾಂಗ ಹುಡುಕಿದೆ. 16ಕ್ಕೆ ಅಮಾಸೆ. ಕಳೆದು ಮೂರೇ ದಿನ.

“ಹಂಗಾರೆ ಸೆಳೆತ ಜಾಸ್ತಿನೇ. ಹೋಗ್ಬಾರ್ದಾಗಿತ್ತು.” ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, “ಆ ಹುಡುಗ ಆಮೇಲೆ ನೀರಿಗೆ ಹೆದ್ರಲಿಲ್ವಾ?”