ಡಿಸೆಂಬರ್‌ನಲ್ಲಿ ಜಪಾನ್‌ಗೆ ಹೋಗ್ತೀರಾ? ಅರಿಮಾ ಕಿನೆನ್‌ಗೆ ಒಂದು ಭಾನುವಾರ ಎತ್ತಿಡಿ

ಅರಿಮಾ ಕಿನೆನ್ ಅಂದರೆ ಟೋಕಿಯೊ ಹತ್ತಿರದ ನಾಕಾಯಾಮಾದಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುದುರೆ ರೇಸ್. ಟಿಕೆಟ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಕಾಯಾಮಾ ರೇಸ್ ಕೋರ್ಸಿಗೆ ಮಾಮೂಲಿ ದಿನ 200 ಯೆನ್ ಕೊಟ್ಟು ಸುಮ್ನೆ ಒಳಗೆ ಹೋಗಬಹುದು. ಅರಿಮಾ ಕಿನೆನ್ ದಿನ ಹಾಗಲ್ಲ. ನಾನು ಹೋಗಿದ್ದು 2023ರ ಡಿಸೆಂಬರ್ 24ಕ್ಕೆ. ಆ ದಿನ ಗೇಟಿನಲ್ಲಿ ಟಿಕೆಟ್ ಕೊಡುತ್ತಿರಲಿಲ್ಲ, ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಂಡಿರಬೇಕಿತ್ತು. ಟೋಕಿಯೊದಲ್ಲಿರುವ ಅಕ್ಕ ಭಾವ ವಾರಗಳ ಮೊದಲೇ ಇದನ್ನು ನೋಡಿಕೊಂಡಿದ್ದರಿಂದ ನನಗೆ ಪ್ರವೇಶ ಸಿಕ್ಕಿತು. ನಿಮಗೆ ಅಲ್ಲಿ ಗೊತ್ತಿರುವವರು ಇದ್ದರೆ ನವೆಂಬರ್‌ನಲ್ಲೇ ಒಂದು ಮಾತು ಕೇಳಿಡಿ. ನಿಯಮ ವರ್ಷ ವರ್ಷ ಬದಲಾಗಬಹುದು. ವಿಮಾನದ ಟಿಕೆಟ್ ಮಾಡಿಸುವ ಮುಂಚೆ ಇದನ್ನು ನೋಡಿ. ರೇಸ್ ಸಾಮಾನ್ಯವಾಗಿ ಡಿಸೆಂಬರ್ ನಾಲ್ಕನೇ ಭಾನುವಾರ ಬರುತ್ತದೆ.

ಒಂದು ಕುದುರೆ ರೇಸಿಗೆ ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು. ವರ್ಷದ ರೇಸುಗಳಿಗೆ ಮುಕ್ತಾಯ ಅಂತ ಜಪಾನಿನವರು ನೋಡುವುದು ಇದನ್ನೇ. 1956ರಲ್ಲಿ ಶುರುವಾಯಿತು. ಇದನ್ನು ಶುರು ಮಾಡಿಸಿದ ಅರಿಮಾ ಯೋರಿಯಾಸು ಮರುವರ್ಷದ ಆರಂಭದಲ್ಲೇ ತೀರಿಕೊಂಡರು, ಆಮೇಲೆ ಅವರ ಹೆಸರನ್ನೇ ಇಟ್ಟರು. ಯಾವ ಕುದುರೆಗಳು ಓಡಬೇಕು ಅನ್ನುವುದಕ್ಕೆ ಜನ ವೋಟು ಹಾಕುತ್ತಾರೆ! ಹೆಚ್ಚು ವೋಟು ಬಿದ್ದ ಹತ್ತು ಕುದುರೆಗಳಿಗೆ ಮೊದಲ ಆದ್ಯತೆ, ಒಟ್ಟು 16ಕ್ಕೆ ಮಾತ್ರ ಜಾಗ. ಗೆದ್ದ ಕುದುರೆಗೆ ನಾನು ಹೋದ ವರ್ಷ 50 ಕೋಟಿ ಯೆನ್ ಇತ್ತು. ಎಷ್ಟೋ ದೊಡ್ಡ ಕುದುರೆಗಳು ಇಲ್ಲೇ ಕೊನೆಯ ಸಲ ಓಡುತ್ತವೆ. 1990ರಲ್ಲಿ ಒಗುರಿ ಕ್ಯಾಪ್ ಎಂಬ ಬೂದು ಕುದುರೆ ತನ್ನ ಕೊನೆಯ ರೇಸನ್ನು ಇಲ್ಲಿ ಗೆದ್ದಾಗ ಸೇರಿದ್ದ ಜನ 1,77,779. ಆ ದಿನದ ಕಥೆಯನ್ನು ಭಾವ ದಾರಿಯುದ್ದಕ್ಕೂ ಹೇಳಿದರು.

ದಾರಿ ಸುಲಭ, ಆದರೆ ಟೋಕಿಯೊ ಸ್ಟೇಷನ್‌ನಲ್ಲಿ ಸ್ವಲ್ಪ ಎಚ್ಚರ. ನೀವು ಇಳಿಯಬೇಕಾದ ಸ್ಟೇಷನ್ ಇರುವ ಮುಸಾಶಿನೊ ಲೈನ್‌ಗೆ ಸೀದಾ ಹೋಗುವ ರೈಲುಗಳು ಅಲ್ಲಿ ಕೇಯೊ ಲೈನ್ ಪ್ಲಾಟ್‌ಫಾರ್ಮಿನಿಂದ ಹೊರಡುತ್ತವೆ. ಆ ಪ್ಲಾಟ್‌ಫಾರ್ಮ್ ನೆಲದಡಿ ತುಂಬಾ ದೂರದಲ್ಲಿದೆ, ನಡೆಯೋದಕ್ಕೇ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ. ಆ ಲೈನಿನ ಫುನಾಬಾಶಿ-ಹೋತೆನ್ ಸ್ಟೇಷನ್‌ನಲ್ಲಿ ಇಳಿದರೆ ರೇಸ್ ಕೋರ್ಸಿಗೇ ಒಂದು ಸುರಂಗದಾರಿ ಇದೆ. ಜನರ ಹಿಂದೆ ನಡೆದರೆ ಸಾಕು.

ಊಟದ ವಿಷಯ. ಒಳಗೆ ಅಂಗಡಿಗಳು ಬೇಕಾದಷ್ಟಿವೆ. ಎಲ್ಲರ ಕೈಯಲ್ಲೂ ಕಾಣುವುದು ಮೋತ್ಸುನಿಕೋಮಿ, ಅಂದರೆ ಪ್ರಾಣಿಯ ಕರುಳಿನ ಬಿಸಿ ಸಾರು. ಮಾಂಸ ತಿನ್ನುವವರಿಗೆ ಆ ಚಳಿಯಲ್ಲಿ ಹಿತವಾಗಿರುತ್ತೆ. ಸಸ್ಯಾಹಾರಿಗಳಿಗೆ ಕಷ್ಟ. ಅಕ್ಕ ಬೆಳಿಗ್ಗೆ ಎದ್ದು ಪುಳಿಯೋಗರೆ ಕಲಸಿ ಡಬ್ಬಿ ಕಟ್ಟಿದ್ದಳು, ಅದೇ ನಮ್ಮನ್ನು ಕಾಪಾಡಿತು. ಹೋಟೆಲಿನಲ್ಲಿ ಉಳಿಯುವವರು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಉಪ್ಪು ಹಾಕಿದ ಉಮೆ ಹಣ್ಣಿಟ್ಟ ಅನ್ನದ ಉಂಡೆ ತಗೊಂಡು ಹೋಗಿ. ಕೈ ಬೆಚ್ಚಗಿಡುವ ಕೈರೊ ಪೊಟ್ಟಣಗಳೂ ಅಲ್ಲೇ ಸಿಗುತ್ತವೆ. ಬಿಸಿಲು ಚೆನ್ನಾಗಿದ್ದರೂ ಗಂಟೆಗಟ್ಟಲೆ ನಿಂತರೆ ಬೆಂಗಳೂರಿನ ಸ್ವೆಟರ್ ಸಾಲುವುದಿಲ್ಲ.

ಬಾಜಿ ಕಟ್ಟಲೇಬೇಕು ಅಂತೇನಿಲ್ಲ. ಕಟ್ಟುವುದಾದರೆ 20 ವರ್ಷ ತುಂಬಿರಬೇಕು, 100 ಯೆನ್‌ನಿಂದ ಶುರು. ನನಗೆ ತುಂಬಾ ಇಷ್ಟವಾಗಿದ್ದು ಒಂದು ವಿಶೇಷ ಚೀಟಿ. ನಿಮ್ಮ ಕುದುರೆ ಗೆಲ್ಲುತ್ತದೆ ಅಂತ 100, ಮೊದಲ ಮೂರರಲ್ಲಿ ಬರುತ್ತದೆ ಅಂತ 100, ಎರಡೂ ಒಂದೇ ಚೀಟಿಯಲ್ಲಿ. ಅದರ ಮೇಲೆ ‘ಗಂಬರೆ!’ ಅಂತ ಅಚ್ಚಾಗಿರುತ್ತದೆ. ಬಿಡಬೇಡ, ಜೋರಾಗಿ ಓಡು ಅನ್ನುವ ಅರ್ಥ. ನಾನು ಟೈಟಲ್ ಹೋಲ್ಡರ್ ಎಂಬ ಕುದುರೆಯ ಮೇಲೆ ತಗೊಂಡೆ. ಅದಕ್ಕೆ ಅಂದೇ ಕೊನೆಯ ರೇಸ್. ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಇನ್ನು ನಿಲ್ಲುವ ಜಾಗ. ಎಲ್ಲರೂ ಗೆಲುವಿನ ಗೆರೆಯ ಹತ್ತಿರ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ಓಟ 2,500 ಮೀಟರ್, ಕೊನೆಯ ನೇರ ದಾರಿ ಬರೀ 310 ಮೀಟರ್. ಅದರಲ್ಲೂ ಗೆರೆಗೆ ಇನ್ನೂರು ಮೀಟರಿಗೂ ಕಡಿಮೆ ಇರುವಾಗ ಎರಡು ಮೀಟರಿಗಿಂತ ಜಾಸ್ತಿ ಎತ್ತರದ ಏರು ಶುರು. ಕುದುರೆಗಳು ಅದನ್ನು ಎರಡು ಸಲ ಹತ್ತಬೇಕು. ಮೊದಲ ಸುತ್ತಿನಲ್ಲಿ ಆರಾಮವಾಗಿ ಹತ್ತಿ ಹೋದ ಕುದುರೆಗಳು ಎರಡನೇ ಸಲ ಅಲ್ಲೇ ಸೋಲುತ್ತವೆ. ಆ ಏರಿನ ಎದುರು ಬೇಲಿಗೆ ಒರಗಿ ನಿಂತರೆ ರೇಸ್ ಎಲ್ಲಿ ತಿರುಗಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಕುದುರೆಯ ಹೆಸರು ಓದಲು ಬರದಿದ್ದರೂ ಚಿಂತೆಯಿಲ್ಲ, ಜಾಕಿಯ ಟೋಪಿ ಬಣ್ಣ ನೋಡಿ. 16 ಕುದುರೆ ಓಡಿದರೆ ನಂಬರ್ 1, 2ಕ್ಕೆ ಬಿಳಿ, ಆಮೇಲೆ ಎರಡೆರಡಕ್ಕೆ ಕಪ್ಪು, ಕೆಂಪು, ನೀಲಿ, ಹಳದಿ, ಹಸಿರು, ಕಿತ್ತಳೆ, ಗುಲಾಬಿ.

ಮಧ್ಯಾಹ್ನ ಮೂರುವರೆ ದಾಟಿತು. ವಾದ್ಯದವರು ಊದಲು ಶುರು ಮಾಡಿದರು. ಸುತ್ತ ಇದ್ದವರೆಲ್ಲ ಸುರುಳಿ ಸುತ್ತಿದ ಪೇಪರನ್ನು ಅಂಗೈಗೆ ಬಡಿದು ತಾಳ ಹಾಕಿದರು. ಟೈಟಲ್ ಹೋಲ್ಡರ್ ಶುರುವಿನಿಂದಲೇ ಮುಂದೆ. ಕೊನೆಯ ತಿರುವಿನಲ್ಲೂ ಅದರ ಜಾಕಿಯ ಕಪ್ಪು ಟೋಪಿಯೇ ಮುಂದಿತ್ತು. ನನ್ನ ಪಕ್ಕದ ಅಜ್ಜ ಒಬ್ಬರು ಏನೋ ಕೂಗುತ್ತಾ ಬೇಲಿ ಹಿಡಿದು ಅಲ್ಲಾಡಿಸುತ್ತಿದ್ದರು. ಆಗ ಹೊರಗಡೆಯಿಂದ ಕೆಂಪು ಟೋಪಿ ಬಂತು. ಡೂ ಡ್ಯೂಸ್ ಎಂಬ ಕುದುರೆ, ಮೇಲೆ ತಾಕೆ ಯುತಾಕಾ. 1990ರಲ್ಲಿ ಒಗುರಿ ಕ್ಯಾಪ್ ಓಡಿಸಿದ ಅದೇ ಜಾಕಿ, 2023ರಲ್ಲಿ 54 ವರ್ಷ! ಏರು ಹತ್ತುವಾಗ ನನ್ನ ಕುದುರೆ ಬಳಲಿದ್ದು ಹತ್ತಿರದಿಂದಲೇ ಕಾಣಿಸಿತು. ಆದರೂ ಬಿಡದೆ ಮೂರನೆಯದಾಗಿ ಬಂತು, ಗೆದ್ದಿದ್ದು ಡೂ ಡ್ಯೂಸ್. ಗಂಟಲು ಕಟ್ಟಿದ ಹಾಗಾಯ್ತು ನನಗೆ.

ಇಷ್ಟಕ್ಕೇ ಹೊರಟುಬಿಡಬೇಡಿ. ಇದಾದ ಮೇಲೆ ಇನ್ನೊಂದು ರೇಸ್ ಇರುತ್ತದೆ. ಕೆಲವು ವರ್ಷ ನಿವೃತ್ತಿಯಾಗುವ ಕುದುರೆಗೆ ಅಲ್ಲೇ ಬೀಳ್ಕೊಡುಗೆ ಕೊಡುತ್ತಾರೆ. ಅಂದು ಟೈಟಲ್ ಹೋಲ್ಡರ್‌ಗೆ ಇತ್ತು. ಐದು ಗಂಟೆಗೆಲ್ಲ ಕತ್ತಲು. ದೀಪದ ಬೆಳಕಿನಲ್ಲಿ ಕುದುರೆಯನ್ನು ನಡೆಸಿಕೊಂಡು ಬಂದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕೈಯಲ್ಲಿ ಬ್ಯಾನರ್ ಹಿಡಿದ ಹುಡುಗಿಯರು, ಎಲ್ಲರೂ ಚಳಿಯಲ್ಲಿ ಹಾಗೇ ನಿಂತಿದ್ದರು. ನಾವು ಸ್ಟೇಷನ್ ಸೇರುವ ಹೊತ್ತಿಗೆ ನೂಕುನುಗ್ಗಲು ಕಡಿಮೆಯಾಗಿತ್ತು, ಅಕ್ಕನಿಗೆ ಕೂರಲು ಸೀಟೂ ಸಿಕ್ಕಿತು.