ಲಿವರ್‌ಪೂಲ್ ಗೆದ್ದರೆ ನಿನಗೆಂತ ಸಿಗುತ್ತದೆ?

ನಾನು ಇಂಗ್ಲೆಂಡಿನ ಲಿವರ್‌ಪೂಲ್ ಫುಟ್ಬಾಲ್ ತಂಡದ ಅಭಿಮಾನಿ. ಈ ಪ್ರಶ್ನೆ ಮದುವೆ ಮನೆಯಲ್ಲಿ ಬರುತ್ತದೆ, ಆಫೀಸಿನಲ್ಲಿ ಬರುತ್ತದೆ, ಸಲೂನಿನಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಾಗಲೂ ಬರುತ್ತದೆ. "ಅಲ್ಲ ಮಾರಾಯ, ರಾತ್ರಿ ಒಂದೂವರೆಗೆ ಎದ್ದು ಕೂತು ಎಲ್ಲಿಯದೋ ಊರಿನ ಹುಡುಗರು ಚೆಂಡು ಒದೆಯುವುದನ್ನು ನೋಡಿ ನಿನಗೆಂತ ಸಿಗುತ್ತದೆ? ಅವರಿಗೆ ನಿನ್ನ ಹೆಸರಾದರೂ ಗೊತ್ತುಂಟಾ?" ನಮ್ಮ ದೊಡ್ಡಪ್ಪ ಇನ್ನೂ ನೇರ. "ಅವರು ಗೆದ್ದರೆ ನಿನಗೆ ಬೋನಸ್ ಉಂಟಾ?"

ಇಲ್ಲ. ಬೋನಸ್ ಇಲ್ಲ, ಹೆಸರೂ ಗೊತ್ತಿಲ್ಲ. ಶಿಸ್ತು, ಸ್ಫೂರ್ತಿ, ಛಲ ಅಂತ ಉತ್ತರ ಕೊಡುವವರಿದ್ದಾರೆ. ನನಗೆ ಅದೆಲ್ಲ ಬಾಯಿಗೆ ಬರುವುದಿಲ್ಲ. ನನ್ನ ಉತ್ತರ ಸ್ವಲ್ಪ ಸುತ್ತಿ ಬಳಸಿ ಬರುತ್ತದೆ, ಅದೂ ನಳ್ಳಿ ನೀರಿನಿಂದ.

ಮಂಗಳೂರಿನಲ್ಲಿ ಏಪ್ರಿಲ್, ಮೇ ಅಂದರೆ ಗೊತ್ತಲ್ವಾ. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರು ಉಳಿದಿದೆ ಅಂತ ಪೇಪರಿನಲ್ಲಿ ದಿನಾ ಬರಲು ಶುರುವಾಗುತ್ತದೆ. ಆಮೇಲೆ ರೇಷನಿಂಗ್. ಯೂರೋಪಿನ ಫುಟ್ಬಾಲ್ ಸೀಸನ್‌ನ ಬಿಸಿ ಏರುವುದೂ ಅದೇ ಎರಡು ತಿಂಗಳಲ್ಲಿ. ಚಳಿಗಾಲದಲ್ಲಿ ನಮಗೆ ರಾತ್ರಿ 1:30ಕ್ಕೆ ಶುರುವಾಗುವ ಚಾಂಪಿಯನ್ಸ್ ಲೀಗ್ (ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಮ್ಯಾಚ್, ಮಾರ್ಚ್ ಕೊನೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ 12:30ಕ್ಕೆ ಬರುತ್ತದೆ. ಅಂದರೆ ಬೇಸಿಗೆಯಲ್ಲಿ, ನಳ್ಳಿಯಲ್ಲಿ ಸುಂಯ್ ಅಂತ ಬರೀ ಗಾಳಿ ಬರುವ ಹೊತ್ತಿಗೆ, ಊರಲ್ಲಿ ಎಚ್ಚರ ಇರುವವರು ಎಂದರೆ ರಾತ್ರಿ ಪಾಳಿಯವರು, ಬಂದರಿನ ಮೀನಿನವರು ಮತ್ತು ನಾವು.

2019ರ ಮೇ ತಿಂಗಳು ನೆನಪಿಸಿಕೊಳ್ಳಿ. ಮಂಗಳೂರಿನಲ್ಲಿ ಸರದಿ ಪ್ರಕಾರ ನೀರು ಬಿಡುತ್ತಿದ್ದರು, ಉಡುಪಿಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ತಳ ಕಾಣುತ್ತಿತ್ತು. ಅದೇ ಹೊತ್ತಿಗೆ ಲಿವರ್‌ಪೂಲ್ ಬಾರ್ಸಿಲೋನಾದಲ್ಲಿ 3-0 ಸೋತು ಬಂದಿತ್ತು. ಎರಡನೇ ಪಂದ್ಯ ಲಿವರ್‌ಪೂಲಿನ ಮೈದಾನ ಆನ್‌ಫೀಲ್ಡ್‌ನಲ್ಲಿ, ನಮಗೆ ಮೇ 8ರ ನಡುರಾತ್ರಿ. ಉರ್ವದ ಒಬ್ಬ ಗೆಳೆಯನ ಮನೆಯ ಮಹಡಿಯಲ್ಲಿ ಕೂತಿದ್ದೆವು. ಅವನು ಬಾರ್ಸಿಲೋನಾ ತಂಡದ ಅಭಿಮಾನಿ. ಮೊದಲ ಗೋಲು ಒರಿಗಿ ಹೊಡೆದದ್ದು ಏಳನೇ ನಿಮಿಷಕ್ಕೆ, ಆಗ ಅವನಿಗೆ ಚಿಂತೆ ಇರಲಿಲ್ಲ. ಹಾಫ್ ಟೈಮ್ ಆದ ಮೇಲೆ ವೈನಾಲ್ಡಮ್ ಎರಡು ನಿಮಿಷದ ಅಂತರದಲ್ಲಿ ಎರಡು ಹೊಡೆದ. ಎರಡೂ ಪಂದ್ಯ ಸೇರಿಸಿದರೆ ಲೆಕ್ಕ 3-3, ಸಮ. ಆಗ ಕೆಳಗಿನಿಂದ ಅವನ ಅಮ್ಮ, "ಮಗಾ, ನೀರು ಬಂತು, ಮೋಟಾರ್ ಹಾಕು" ಅಂತ ಕೂಗಿದರು.

ಅವನು ಒಂದು ಸಲ ಟಿವಿ ನೋಡಿದ, ಒಂದು ಸಲ ಮೆಟ್ಟಿಲು ನೋಡಿದ, ಇಳಿದು ಹೋದ. ಸಂಪು ತುಂಬಿಸಿ, ಡ್ರಮ್ಮಿಗೆ ಪೈಪ್ ಬಿಟ್ಟು, ಅಡುಗೆಮನೆಯ ಕೊಡಪಾನಗಳನ್ನೆಲ್ಲ ಸಾಲಾಗಿ ಇಟ್ಟು ಮೇಲೆ ಬರುವಷ್ಟರಲ್ಲಿ 79ನೇ ನಿಮಿಷದ ಆ ಕಾರ್ನರ್ ಮುಗಿದಿತ್ತು. ಬಾರ್ಸಿಲೋನಾದ ಡಿಫೆನ್ಸ್ ಇನ್ನೂ ಸಾವರಿಸಿಕೊಳ್ಳುವ ಮುಂಚೆ ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡು ಒದ್ದು, ಒರಿಗಿ ಬಲೆಗೆ ಹಾಕಿದ ಕಾರ್ನರ್. 4-0. ಫುಟ್ಬಾಲ್ ನೋಡುವವರು ಇವತ್ತಿಗೂ ಹೇಳಿಕೊಳ್ಳುವ ಗೋಲು ಆಗುವಾಗ ಅವನು ಲುಂಗಿ ಎತ್ತಿ ಕಟ್ಟಿ ಪೈಪ್ ಹಿಡಿದಿದ್ದ. "ಹೋಗಲಿ, ನೀರಾದರೂ ಬಂತಲ್ಲ" ಅಂದ. ನಾವು ನಕ್ಕೆವು. ನಕ್ಕು ಆಮೇಲೆ ನಮ್ಮ ನಮ್ಮ ಮನೆಗೆ ಫೋನ್ ಮಾಡಿ ನೀರು ಬಂತಾ ಅಂತ ಕೇಳಿದೆವು.

ಅಂಥ ರಾತ್ರಿಗಳಿಂದಾಗಿ ಯಾರ ಮನೆಗೆ ಯಾವ ದಿನ ನೀರು, ಯಾರ ಬಾವಿ ಮಾರ್ಚಿಗೇ ಉಪ್ಪಾಗುತ್ತದೆ, ಯಾರ ಮನೆಯ ಸಂಪು ಸೋರುತ್ತದೆ ಎಲ್ಲ ನಮಗೆ ಗೊತ್ತು. ಸ್ವಂತ ತಮ್ಮನ ಫ್ಲ್ಯಾಟಿನ ನೀರಿನ ಕತೆ ನನಗೆ ಅಷ್ಟು ಗೊತ್ತಿಲ್ಲ, ಸತ್ಯವಾಗಿ.

ನೀರಿನ ಮಾತಿನಲ್ಲೇ ಒಂದು ದಿನ ಲಿವರ್‌ಪೂಲಿನ ನಳ್ಳಿ ನೀರು ಎಲ್ಲಿಂದ ಬರುತ್ತದೆ ಅಂತ ಚರ್ಚೆ ಎದ್ದಿತು. ನಮ್ಮ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಬೆಂಬಲಿಸುವ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಎಲ್ಲರಿಗಿಂತ ಜಾಸ್ತಿ ಓದಿಕೊಂಡವರು, ನಾವು ಅವರನ್ನು ಯುನೈಟೆಡ್ ಅಣ್ಣ ಅಂತಲೇ ಕರೆಯುವುದು. ಅವರೇ ಹೇಳಿದ್ದು. ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ ಪಕ್ಕದ ವೇಲ್ಸ್‌ನ ಟ್ರೆವೆರಿನ್ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿ, 1965ರಲ್ಲಿ ಕಾಪೆಲ್ ಕೆಲಿನ್ ಅನ್ನುವ ಇಡೀ ಊರನ್ನು ಮುಳುಗಿಸಿದರಂತೆ. ಶಾಲೆ, ಪೋಸ್ಟ್ ಆಫೀಸು, ಪ್ರಾರ್ಥನಾ ಮಂದಿರ ಎಲ್ಲ ನೀರಿನಡಿಗೆ. ಲಂಡನ್ನಿನ ಸಂಸತ್ತಿನಲ್ಲಿ ಅದಕ್ಕೆ ಕಾನೂನು ಬಂದಾಗ ವೇಲ್ಸ್‌ನ ಸಂಸದರಲ್ಲಿ ಬೆಂಬಲಿಸಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಆಯಿತು. ಲಿವರ್‌ಪೂಲಿನ ನಗರಾಡಳಿತ ಕ್ಷಮೆ ಕೇಳಿದ್ದು 2005ರಲ್ಲಿ, ನಲವತ್ತು ವರ್ಷ ಆದ ಮೇಲೆ. ಯುನೈಟೆಡ್ ಅಣ್ಣ ಇದನ್ನು ನನ್ನನ್ನು ಚುಚ್ಚಲಿಕ್ಕೇ ಹೇಳಿದ್ದು, ಅದರಲ್ಲಿ ಅನುಮಾನ ಬೇಡ. ಆದರೆ ನಮ್ಮಲ್ಲೊಬ್ಬ ಬಂಟ್ವಾಳದ ಕಡೆಯವನು. ತುಂಬೆ ಅಣೆಕಟ್ಟಿನ ಎತ್ತರ ಏರಿಸಿದಾಗ ಮೇಲ್ಗಡೆಯ ರೈತರ ಜಮೀನಿಗೆ ನೀರು ನುಗ್ಗಿ, ಪರಿಹಾರಕ್ಕೆ ಓಡಾಡಬೇಕಾಗಿ ಬಂದದ್ದನ್ನು ಅವನು ಹತ್ತಿರದಿಂದ ಕಂಡವನು. "ಮಂಗಳೂರಿನವರು ಮೊದಲು ನಿಮ್ಮ ನಳ್ಳಿ ತಿರುಗಿಸಿ ನೋಡಿ" ಅಂದ ಅಷ್ಟೇ. ಆ ರಾತ್ರಿ ಮ್ಯಾಚ್ ಯಾವುದಿತ್ತು ಅನ್ನುವುದೇ ನನಗೆ ಮರೆತುಹೋಗಿದೆ.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆ ಗಂಡಸರು ಒಬ್ಬರಿಗೊಬ್ಬರು ಸುಮ್ನೆ ಫೋನ್ ಮಾಡುವುದಿಲ್ಲ. ನಲವತ್ತು ದಾಟಿದವನೊಬ್ಬ ಇನ್ನೊಬ್ಬನಿಗೆ ಫೋನ್ ಮಾಡಿ "ಹೇಗಿದ್ದಿ?" ಅಂತ ಕೇಳಿದರೆ, ಆ ಕಡೆಯವನು ಮೊದಲು ಯೋಚಿಸುವುದು ಇವನಿಗೆ ಎಷ್ಟು ಸಾಲ ಬೇಕು ಅಂತ. ಮಾತಾಡಲು ಒಂದು ನೆಪ ಬೇಕು. ಫುಟ್ಬಾಲ್ ವಾರಕ್ಕೆ ಎರಡು ನೆಪ ಕೊಡುತ್ತದೆ, ಆಗಸ್ಟಿನಿಂದ ಮೇವರೆಗೆ ತಪ್ಪದೆ. "ನಿನ್ನೆ ನೋಡಿದ್ಯಾ?" ಅಂತ ಶುರುವಾದ ಮಾತು ಐದು ನಿಮಿಷದಲ್ಲಿ ಅಮ್ಮನ ಮಂಡಿನೋವಿಗೆ, ಮಗಳ ಪಿಯುಸಿ ಸೀಟಿಗೆ, ಟ್ಯಾಂಕರಿನವನ ರೇಟಿಗೆ ಹೋಗಿ ನಿಲ್ಲುತ್ತದೆ. ನನಗೆ ಸಿಗುವುದು ಇದು.

ಇದರ ಬೆಲೆ ಗೊತ್ತಾಗುವುದು ಸಾವಿನ ಮನೆಯಲ್ಲಿ. ನಮ್ಮಲ್ಲಿ ಒಬ್ಬ ಜುಬೈಲಿನಲ್ಲಿ ಕೆಲಸ ಮಾಡುತ್ತಾನೆ, ಆರ್ಸೆನಲ್ ತಂಡದ ಹುಚ್ಚ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಹಾಗಾಗಿ ಅವನಿಗೆ ನಿದ್ದೆಗೆಡುವ ಕಷ್ಟ ನಮ್ಮಷ್ಟಿಲ್ಲ, ಅದನ್ನು ಹೇಳಿ ಹೇಳಿ ಹೊಟ್ಟೆ ಉರಿಸುತ್ತಾನೆ. ಅವನ ಅಪ್ಪ ತೀರಿಕೊಂಡದ್ದು ಒಂದು ಏಪ್ರಿಲ್ ಭಾನುವಾರ ಸಂಜೆ. ಅವನ ವಿಮಾನ ಬಜ್ಪೆಗೆ ಬರುವುದು ಮರುದಿನ ಬೆಳಿಗ್ಗೆ. ಮನೆಯಲ್ಲಿ ಅಮ್ಮ, ಒಬ್ಬಳು ತಂಗಿ. ನೆಂಟರು ಊರಿಂದ ಬರಬೇಕು. ಒಬ್ಬ ಫ್ರೀಜರ್ ತರಿಸಿದ, ಒಬ್ಬ ಬೋಳೂರು ಸ್ಮಶಾನಕ್ಕೆ ಹೋಗಿ ಮಾತಾಡಿ ಬಂದ, ಒಬ್ಬ ಡಾಕ್ಟರ ಸರ್ಟಿಫಿಕೇಟಿಗೆ ಓಡಿದ. ಬಾರ್ಸಿಲೋನಾದವನು ಯಾರನ್ನೂ ಕೇಳದೆ ಒಂದು ಟ್ಯಾಂಕರ್ ನೀರಿಗೆ ಹೇಳಿದ. ಆ ಮನೆಗೆ ಆ ವಾರ ನೀರು ಬರುವುದು ಮಂಗಳವಾರ ಅಂತ ಅವನಿಗೆ ಗೊತ್ತಿತ್ತು. ಸಾವಿನ ಮನೆಗೆ ಜನ ಬಂದರೆ ಕಾಲು ತೊಳೆಯಲು, ಸ್ನಾನಕ್ಕೆ, ಚಹಾಕ್ಕೆ ಎಷ್ಟು ನೀರು ಬೇಕು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಟ್ಯಾಂಕರ್ ಬಂದು ಸಂಪಿಗೆ ಪೈಪ್ ಇಳಿಸುವಾಗ ತಂಗಿ ಹೊರಗೆ ಬಂದು "ಇದನ್ನು ಯಾರು ಹೇಳಿದ್ದು ಅಣ್ಣ?" ಅಂತ ಕೇಳಿದಳು. ಅವನು ಡ್ರೈವರನ ಹತ್ತಿರ ಚಿಲ್ಲರೆ ವಿಷಯ ಮಾತಾಡುತ್ತಾ ನಿಂತ.

ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಬಡಿಸಿದ್ದೂ ನಾವೇ. ಸಮಾಧಾನದ ಮಾತು ನಮಗ್ಯಾರಿಗೂ ಬರುವುದಿಲ್ಲ. ಸಾರಿನ ಬಕೆಟ್ ಹಿಡಿಯಲು ಬರುತ್ತದೆ. ಅವನು ವಾಪಸು ಹೋದ ಮೇಲೆ ವಾರಕ್ಕೊಮ್ಮೆ ಯಾರಾದರೂ ಆ ಮನೆಗೆ ಹೋಗಿ ಬರುತ್ತೇವೆ. ಅವರ ಅಮ್ಮ ಮೊದಲು ಕೇಳುವುದು "ಆರ್ಸೆನಲ್ ಗೆದ್ದಿತಾ?" ಅಂತ. ಆಟದ ಮೇಲಿನ ಪ್ರೀತಿಯಿಂದಲ್ಲ. ಸೋತ ದಿನ ಮಗ ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ, ದುಡ್ಡಿನ ವಿಷಯ ಎತ್ತುವುದಿದ್ದರೆ ಗೆದ್ದ ದಿನವೇ ಎತ್ತಬೇಕು ಅನ್ನುವುದು ಅವರ ಲೆಕ್ಕ.

ನಮ್ಮ ಗುಂಪಿನಲ್ಲಿ ತುಳು, ಬ್ಯಾರಿ, ಕೊಂಕಣಿ ಮೂರೂ ಉಂಟು. ಬೆಂಗರೆಯ ಹುಡುಗರಿದ್ದಾರೆ, ಬಂದರಿನಿಂದ ದೋಣಿ ದಾಟಿ ಬರುವವರು. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುವವರೂ ಅವರೇ. ರಂಜಾನ್ ಚಳಿಗಾಲದ ಸಮಯಕ್ಕೆ ಬಿದ್ದರೆ ಮ್ಯಾಚ್ ಮುಗಿಯುವುದಕ್ಕೂ ಉಪವಾಸಕ್ಕೆ ಮುಂಚಿನ ಸಹರಿ ಊಟಕ್ಕೂ ಸರಿಹೋಗುತ್ತದೆ. ಮಯ್ಯತ್ತಿಗೆ, ಅಂದರೆ ಮುಸ್ಲಿಮರ ಶವಸಂಸ್ಕಾರಕ್ಕೆ, ಹೋದರೆ ಎಲ್ಲಿ ನಿಲ್ಲಬೇಕು, ಇಗರ್ಜಿಯ ಸಮಾಧಿಯಲ್ಲಿ ಯಾವಾಗ ಹಿಡಿ ಮಣ್ಣು ಹಾಕಬೇಕು ಅಂತ ನಾನು ಕಲಿತದ್ದು ಇವರ ಜೊತೆ ಹೋಗಿ. ಇದನ್ನು ದೊಡ್ಡ ಸೌಹಾರ್ದದ ಕತೆ ಮಾಡಿ ಭಾಷಣದಲ್ಲಿ ಹೇಳಬೇಡಿ, ಪ್ಲೀಸ್. ಪೆನಾಲ್ಟಿ ಹೌದಾ ಅಲ್ವಾ ಅಂತ ಇದೇ ಜನ ಒಂದು ವಾರ ಮಾತು ಬಿಟ್ಟದ್ದೂ ಉಂಟು.

ಅಭಿಮಾನಿಗಳೆಲ್ಲ ಒಳ್ಳೆಯವರು ಅಂತಲೂ ನಾನು ಹೇಳುತ್ತಿಲ್ಲ. 2021ರ ಯೂರೋ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದ ಇಂಗ್ಲೆಂಡಿನ ಮೂವರು ಕಪ್ಪು ಹುಡುಗರಿಗೆ ಜನ ಬೈದದ್ದು ನೆನಪಿದ್ದರೆ ಸಾಕು. ಅಲ್ಲಿಯ ವಿಷ ಇಲ್ಲಿಗೂ ಬರುತ್ತದೆ. ಒಂದು ಫೆಬ್ರವರಿಯಲ್ಲಿ ನಮ್ಮ ಪೈಕಿ ಒಬ್ಬ ಸಣ್ಣ ಹುಡುಗ, ಲಿವರ್‌ಪೂಲಿನವನೇ, ಯುನೈಟೆಡ್ ಅಣ್ಣನಿಗೆ ವಿಮಾನದ ಒಂದು ತಮಾಷೆ ಚಿತ್ರ ಕಳಿಸಿದ. ಮ್ಯೂನಿಕ್‌ದು. 1958ರ ಫೆಬ್ರವರಿ 6ರಂದು ಹಿಮ ಬಿದ್ದ ರನ್‌ವೇಯಿಂದ ಮೇಲೇಳಲಾಗದೆ ವಿಮಾನ ಅಪಘಾತಕ್ಕೀಡಾಗಿ 23 ಜನ ಹೋದರು, ಅದರಲ್ಲಿ ಎಂಟು ಮಂದಿ ಯುನೈಟೆಡ್ ಆಟಗಾರರು. ಎದುರಾಳಿ ಅಭಿಮಾನಿಗಳಲ್ಲಿ ಕೆಲವರು ಅದನ್ನು ಹಾಡು ಮಾಡಿ ಅಣಕಿಸುತ್ತಾರೆ, ಹುಡುಗ ಅಲ್ಲಿಂದ ಎತ್ತಿಕೊಂಡದ್ದು.

ಯುನೈಟೆಡ್ ಅಣ್ಣ ಬೈಯಲಿಲ್ಲ. ಭಾನುವಾರ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಕೂಳೂರಿಗೆ ಹೋದರು. ಅಲ್ಲಿ ನದಿ ದಡದಲ್ಲಿ ಒಂದು ಸ್ಮಾರಕ ಉಂಟು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತಲ್ಲ, 158 ಜನ ಸತ್ತು ಎಂಟೇ ಜನ ಉಳಿದರು. ಗುರುತೇ ಸಿಗದ ಹನ್ನೆರಡು ದೇಹಗಳನ್ನು ಹೂತದ್ದು ಅಲ್ಲಿ. ಆ ವಿಮಾನದಲ್ಲಿ ಅಣ್ಣನ ಪಕ್ಕದ ಮನೆಯವರೊಬ್ಬರು ಇದ್ದರು ಅನ್ನುವುದು ನಮಗೂ ಆ ದಿನವೇ ಗೊತ್ತಾದದ್ದು. ಹುಡುಗನಿಗೆ ಆಗ ಹದಿನೇಳು, 2010ರಲ್ಲಿ ಅವನು ಮಗು. ವಾಪಸು ಬರುವಾಗ ಇಬ್ಬರೂ ಗೋಳಿಬಜೆ ತಿಂದು ಬಂದರಂತೆ. ಅದಾದ ಮೇಲೆ ನಮ್ಮಲ್ಲಿ ಒಂದೇ ಒಂದು ನಿಯಮ ಉಂಟು: ಸತ್ತವರ ತಮಾಷೆ ಬೇಡ. ಮ್ಯೂನಿಕ್ ಇಲ್ಲ, ಹಿಲ್ಸ್‌ಬರೋ ಇಲ್ಲ.

ಹಿಲ್ಸ್‌ಬರೋ ಗೊತ್ತಿಲ್ಲದವರಿಗೆ: 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನಲ್ಲಿ ಮ್ಯಾಚ್ ನೋಡಲು ಹೋದ ಲಿವರ್‌ಪೂಲ್ ಅಭಿಮಾನಿಗಳು ಗ್ಯಾಲರಿಯ ನೂಕುನುಗ್ಗಲಿನಲ್ಲಿ ಸಿಕ್ಕಿ 97 ಮಂದಿ ಸತ್ತರು. ತಪ್ಪು ಅಭಿಮಾನಿಗಳದ್ದೇ ಅಂತ ಹಬ್ಬಿಸಿದರು. ಅವರದ್ದು ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ನನಗೆ ಇದರಲ್ಲಿ ಮನಸ್ಸಿಗೆ ತಟ್ಟುವುದು ಎವರ್ಟನ್‌ನವರ ವಿಷಯ. ಅದೇ ಊರಿನ ಕಡು ಎದುರಾಳಿಗಳು. ದುರಂತದ ವಾರದಲ್ಲಿ ಎವರ್ಟನ್ ಮೈದಾನದಿಂದ ಆನ್‌ಫೀಲ್ಡ್‌ವರೆಗೆ, ನಡುವಿನ ಪಾರ್ಕ್ ದಾಟಿ, ನೀಲಿ ಮತ್ತು ಕೆಂಪು ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಸುಮಾರು ಒಂದು ಮೈಲಿ ಉದ್ದಕ್ಕೆ ಎಳೆದರು.

2025ರ ಜುಲೈ 3ರಂದು ಲಿವರ್‌ಪೂಲಿನ ಆಟಗಾರ ಡಿಯೊಗೊ ಜೋಟಾ ಸ್ಪೇನಿನಲ್ಲಿ ಕಾರು ಅಪಘಾತದಲ್ಲಿ ಹೋದ. 28 ವರ್ಷ, ಮದುವೆಯಾಗಿ ಎರಡು ವಾರ ಆಗಿರಲಿಲ್ಲ. ಜೊತೆಯಲ್ಲಿ ತಮ್ಮನೂ ಹೋದ. ಸೀಸನ್ ಇಲ್ಲದ ಸಮಯ, ಮ್ಯಾಚ್ ಇಲ್ಲ, ಹೊರಗೆ ಹೊಯ್ಯುವ ಮಳೆ. ಕಾಣದ ಮನುಷ್ಯನಿಗೆ ಅಳುವುದು ಸ್ವಲ್ಪ ಅತಿ ಅಂತ ನಾನು ಹಿಂದೆ ಹೇಳುತ್ತಿದ್ದವನು, ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಆ ರಾತ್ರಿ ಒಬ್ಬರ ನಂತರ ಒಬ್ಬರ ಫೋನ್ ಬಂತು, ಜುಬೈಲಿನಿಂದ ಕೂಡ. ಯಾರೂ ಜೋಟಾನ ಹೆಸರು ಎತ್ತಲಿಲ್ಲ. "ಊಟ ಆಯ್ತಾ?" ಅಂತ ಕೇಳಿದರು. ಯುನೈಟೆಡ್ ಅಣ್ಣನೂ ಅದನ್ನೇ ಕೇಳಿದರು.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ, ಇಷ್ಟುದ್ದ ಅಲ್ಲ. ಅವರು ಎಲೆ ಅಡಿಕೆ ಹಾಕಿಕೊಂಡು ಕೇಳಿದರು. ಅವರಿಗೆ ಹೊಸದೇನೂ ಇರಲಿಲ್ಲ. ಪ್ರಾಯದಲ್ಲಿ ಯಕ್ಷಗಾನ ಮೇಳದ ಆಟ ಎಲ್ಲಿದ್ದರೂ ಸೂಟೆ ಹಿಡಿದು ನಡೆದು ಹೋಗಿ ಬೆಳಗಿನವರೆಗೆ ಕೂರುತ್ತಿದ್ದವರು, ಕಾಲಮಿತಿ ಯಕ್ಷಗಾನ ಬಂದ ಮೇಲೆ ಮಧ್ಯರಾತ್ರಿಗೇ ಮನೆಗೆ ಬರಬೇಕಲ್ಲ ಅಂತ ಬೇಜಾರು ಮಾಡಿಕೊಳ್ಳುವವರು. "ದೇವೇಂದ್ರ ಗೆದ್ದರೆ ನಿಮಗೆ ಬೋನಸ್ ಇತ್ತಾ?" ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ, ದೊಡ್ಡಪ್ಪ ಅಲ್ವಾ. ಅವರೇ ಸ್ವಲ್ಪ ಹೊತ್ತು ಬಿಟ್ಟು, "ಆ ಟ್ಯಾಂಕರಿನವನ ನಂಬರ್ ಉಂಟಾ? ನಮ್ಮ ಬಾವಿಯೂ ತಳ ಕಂಡಿದೆ" ಅಂದರು. ಬಾರ್ಸಿಲೋನಾದವನ ನಂಬರ್ ಕೊಟ್ಟೆ. ಟ್ಯಾಂಕರಿನವನ ಹತ್ತಿರ ಚರ್ಚೆ ಮಾಡಿ ನೂರು ರೂಪಾಯಿ ಇಳಿಸುವುದು ಅವನಿಗೇ ಗೊತ್ತು.